ಕೆಲಸ ಬಿಡದೆ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ಗಳನ್ನು ಕೆಲಸಕ್ಕೆ ಹೊಂದಿಸುವವನು) ಆಗಿದ್ದೆ. ಆಮೇಲೆ ಅದೇ ಕೆಲಸದಲ್ಲಿ ಇದ್ದುಕೊಂಡೇ ಆರು ವರ್ಷಕ್ಕೆ ಈ ಪದವಿ ಮುಗಿಸಿದೆ. ಅಂದಿನಿಂದ ಶಿಫ್ಟ್ ಬದಲಾಗುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಇವೇ ಪ್ರಶ್ನೆ ಕೇಳುತ್ತಾರೆ. ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದೆಡೆ ಬರೆದಿಟ್ಟಿದ್ದೇನೆ.

ಇಷ್ಟು ವರ್ಷ ಮೆಷಿನ್ ಮುಂದೆ ನಿಂತಿದ್ದೇನೆ. ನನಗೆ ಗೊತ್ತಿಲ್ಲದ್ದನ್ನು ಇವರೇನು ಕಲಿಸುತ್ತಾರೆ?

ಇದೇ ಜಂಬದಲ್ಲಿ ಸೇರಿದವನು ನಾನೂ. ಮೊದಲ ವರ್ಷವೇ ಅದು ಇಳಿಯಿತು.

ನನಗೊಂದು ಅಭ್ಯಾಸವಿತ್ತು. ಶಾಫ್ಟ್ 8 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ ಬಂದರೆ ಆಫ್‌ಸೆಟ್‌ನಲ್ಲಿ, ಅಂದರೆ ಮೆಷಿನ್‌ಗೆ ಕೊಡುವ ತಿದ್ದುಪಡಿ ಅಂಕಿಯಲ್ಲಿ, 8 ಮೈಕ್ರಾನ್ ಇಳಿಸುವುದು, ಮುಂದಿನದು 5 ಸಣ್ಣ ಬಂದರೆ 5 ಏರಿಸುವುದು. ಪ್ರತಿ ಪೀಸಿಗೂ ಹೀಗೆ ಕೈಯಾಡಿಸುವುದನ್ನೇ ಎಚ್ಚರ ಎಂದುಕೊಂಡಿದ್ದೆ. ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ ತಿಳಿಯಿತು: ಮೆಷಿನ್ ತನ್ನ ಪಾಡಿಗೆ ಸ್ಥಿರವಾಗಿ ಓಡುತ್ತಿರುವಾಗ ಪ್ರತಿ ಪೀಸಿನ ವ್ಯತ್ಯಾಸವನ್ನೂ ಪೂರ್ತಿ ತಿದ್ದಲು ಹೋದರೆ ವೇರಿಯನ್ಸ್ (ಅಳತೆಗಳ ಹರಡಿನ ವರ್ಗ) ಎರಡು ಪಟ್ಟಾಗುತ್ತದೆ. ಅಂದರೆ ಅಳತೆಗಳ ಹರಡು ಸುಮಾರು 1.4 ಪಟ್ಟು ಹಿಗ್ಗುತ್ತದೆ. ಅಷ್ಟು ವರ್ಷ ನಾನು ಶ್ರದ್ಧೆಯಿಂದ ಸ್ಕ್ರ್ಯಾಪ್ ಮಾಡಿದ್ದೆ! ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ (ಅಳತೆಗಳನ್ನು ಮೇಲಿನ, ಕೆಳಗಿನ ಮಿತಿಗೆರೆಗಳ ಜೊತೆ ಗುರುತಿಸುವ ಗ್ರಾಫ್) ಹಾಕಿಕೊಟ್ಟದ್ದು ಇದಕ್ಕಾಗಿಯೇ: ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ಮನಿರಬೇಕು ಎಂದು ತೋರಿಸುವುದಕ್ಕೆ. ಆ ಚಾರ್ಟ್ ನಮ್ಮ ಗೋಡೆಯ ಮೇಲೂ ಇತ್ತು. ಆಡಿಟ್ ಬಂದಾಗ ತುಂಬಿಸುವ ಕಾಗದ ಎಂದುಕೊಂಡಿದ್ದೆವು.

ಇನ್ನೊಂದು, ಪ್ರೊಡಕ್ಷನ್‌ನವರಿಗೂ ಕ್ವಾಲಿಟಿಯವರಿಗೂ ನಡೆಯುವ ಹಳೆಯ ಜಗಳ. ನಮ್ಮ ಕೈಯಲ್ಲಿ ಸರಿಯಿದ್ದ ಪೀಸ್ ಅವರ ಸಿಎಂಎಂನಲ್ಲಿ (ಕಂಪ್ಯೂಟರ್ ನಿಯಂತ್ರಿತ ಅಳತೆ ಯಂತ್ರ) ರಿಜೆಕ್ಟ್. ಉದ್ದದ ಅಳತೆಗೆ ಜಗತ್ತಿನ ಸ್ಟ್ಯಾಂಡರ್ಡ್‌ಗಳು ಒಪ್ಪಿರುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 200 ಮಿಲಿಮೀಟರ್ ಉದ್ದದ ಪೀಸ್ 30 ಡಿಗ್ರಿಯಲ್ಲಿದ್ದರೆ 23 ಮೈಕ್ರಾನ್ ಹೆಚ್ಚು. ನಮ್ಮ ಮೈಕ್ರೋಮೀಟರ್ ಕೂಡ ಉಕ್ಕಿನದೇ, ಅದೇ ಬಿಸಿಯಲ್ಲಿ ಬಿದ್ದಿರುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಹಿಗ್ಗಿ ಲೆಕ್ಕ ಸರಿಹೋಗುತ್ತದೆ. ಎಸಿ ರೂಮಿನೊಳಗಿನ ಸಿಎಂಎಂಗೆ ಬಿಸಿ ಪೀಸ್ ಕೊಟ್ಟರೆ ಸರಿಹೋಗುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಮೆಷಿನ್ ಓಡಿಸುವುದನ್ನು ಈ ಪದವಿ ಕಲಿಸುವುದಿಲ್ಲ, ಅದು ನಿಮಗೆ ಬರುತ್ತದೆ. ನಿಮ್ಮ ಕೈಗೆ ಗೊತ್ತಿರುವುದರ ಹಿಂದಿನ ಕಾರಣ ಹೇಳುತ್ತದೆ. ಮೆಟೀರಿಯಲ್ಸ್, ಮೆಟ್ರಾಲಜಿ (ಅಳತೆಯ ಶಾಸ್ತ್ರ), ಕ್ಯಾಡ್‌-ಕ್ಯಾಮ್ (ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್, ಮೆಷಿನ್ ಪ್ರೋಗ್ರಾಂ ಮಾಡುವುದು), ಕ್ವಾಲಿಟಿ, ಆಟೊಮೇಷನ್, ಪ್ರೊಡಕ್ಷನ್ ಪ್ಲಾನಿಂಗ್, ಕಾಸ್ಟಿಂಗ್ (ಎರಕದ್ದಲ್ಲ, ಖರ್ಚಿನ ಲೆಕ್ಕ), ಸುರಕ್ಷತೆ. ಹೆಚ್ಚುಕಡಿಮೆ ಎಲ್ಲ ಕಡೆ ಪಠ್ಯ ಇದರ ಸುತ್ತಲೇ ಇರುತ್ತದೆ.

ಇದಕ್ಕೂ ಎಂಜಿನಿಯರಿಂಗ್ ಪದವಿಗೂ ಏನು ವ್ಯತ್ಯಾಸ?

ಹೆಸರು ಹತ್ತಿರ, ದಾರಿ ಬೇರೆ. ಎಂಜಿನಿಯರಿಂಗ್‌ನಲ್ಲಿ ಕ್ಯಾಲ್ಕುಲಸ್, ವಿನ್ಯಾಸದ ಸಿದ್ಧಾಂತ ಹೆಚ್ಚು. ಟೆಕ್ನಾಲಜಿಯಲ್ಲಿ ಇರುವ ಜ್ಞಾನವನ್ನು ಉತ್ಪಾದನೆಗೆ ಇಳಿಸುವುದು ಹೆಚ್ಚು, ಲ್ಯಾಬ್ ಹೆಚ್ಚು. ಅಂತಾರಾಷ್ಟ್ರೀಯ ಒಪ್ಪಂದಗಳೂ ಇವನ್ನು ಬೇರೆ ಬೇರೆ ಇಟ್ಟಿವೆ. ಎಂಜಿನಿಯರಿಂಗ್ ಪದವಿಗಳಿಗೆ 1989ರ ವಾಷಿಂಗ್ಟನ್ ಒಪ್ಪಂದ, ಟೆಕ್ನಾಲಜಿ ಪದವಿಗಳಿಗೆ 2001ರ ಸಿಡ್ನಿ ಒಪ್ಪಂದ, ಟೆಕ್ನಿಷಿಯನ್ ಮಟ್ಟದ ಓದಿಗೆ 2002ರ ಡಬ್ಲಿನ್ ಒಪ್ಪಂದ. ಅಮೆರಿಕದ ಎಬೆಟ್ ಸಂಸ್ಥೆಯಲ್ಲೂ ಎಂಜಿನಿಯರಿಂಗ್‌ಗೂ ಟೆಕ್ನಾಲಜಿಗೂ ಮಾನ್ಯತೆ ಕೊಡುವ ಆಯೋಗಗಳು ಬೇರೆ ಬೇರೆ.

ಇದನ್ನು ಸೇರುವ ಮೊದಲೇ ತಿಳಿದಿರಬೇಕು. ಮುಂದೆ ಲೈಸೆನ್ಸ್ ಇರುವ ವೃತ್ತಿಪರ ಎಂಜಿನಿಯರ್ ಆಗಬೇಕು, ಇಲ್ಲವೇ ಬೇರೆ ದೇಶಕ್ಕೆ ಹೋಗಬೇಕು ಎಂಬ ಆಸೆ ಇದ್ದರೆ ಯಾವ ಪದವಿ ಅಲ್ಲಿ ನಡೆಯುತ್ತದೆ ಎಂದು ಆ ಲೈಸೆನ್ಸ್ ಕೊಡುವವರ ನಿಯಮದಲ್ಲೇ ನೋಡಿ. ಕಾಲೇಜಿನ ಅಡ್ಮಿಷನ್ ವಿಭಾಗದವರ ಬಾಯಿಮಾತು ಸಾಲದು. ಮಾನ್ಯತೆ ಎನ್ನುವುದು ಕಾಲೇಜಿಗೆ ಬೇರೆ, ಆ ಕೋರ್ಸಿಗೆ ಬೇರೆ. ಕಾಲೇಜಿಗೆ ಇದ್ದ ಮಾತ್ರಕ್ಕೆ ನಿಮ್ಮ ಕೋರ್ಸಿಗೂ ಇದೆ ಎಂದುಕೊಳ್ಳಬೇಡಿ. ಕೊಟ್ಟವರ ಪಟ್ಟಿಯಲ್ಲಿ ಕೋರ್ಸಿನ ಹೆಸರು ಅಕ್ಷರ ಬಿಡದೆ ಇರಬೇಕು.

ಪ್ರೊಸೆಸ್, ಕ್ವಾಲಿಟಿ, ಪ್ರೊಡಕ್ಷನ್ ಕಡೆಯೇ ಉಳಿಯುವವರಿಗೆ ಟೆಕ್ನಾಲಜಿ ಪದವಿ ಕಡಿಮೆಯೇನಲ್ಲ. ನನ್ನ ಕೇಳಿದರೆ ಮೆಷಿನ್ ಗೊತ್ತಿರುವವರಿಗೆ ಅದೇ ಸರಿ.

ಎಷ್ಟು ವರ್ಷ ಹಿಡಿಯುತ್ತದೆ?

ಜಾಹೀರಾತಿನಲ್ಲಿ ಬರೆದ ವರ್ಷ ಹಗಲಿಡೀ ಓದುವವರದು. ನಿಮ್ಮದನ್ನು ನೀವೇ ಲೆಕ್ಕ ಹಾಕಿ. ಅಮೆರಿಕದ ಪದ್ಧತಿಯಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಯುರೋಪಿನ ಪದ್ಧತಿಯಲ್ಲಿ 180 ಅಥವಾ 240, ಅಲ್ಲಿನ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಓದು. ಬೇರೆ ಕಡೆ ಎಣಿಕೆ ಬೇರೆ, ವಿಧಾನ ಒಂದೇ.

120 ಕ್ರೆಡಿಟ್ ಎಂದೇ ಇಟ್ಟುಕೊಳ್ಳಿ. ಒಂದು ಟರ್ಮ್‌ಗೆ ಎರಡು ವಿಷಯ, ಅಂದರೆ 6 ಕ್ರೆಡಿಟ್. ವರ್ಷಕ್ಕೆ ಮೂರು ಟರ್ಮ್ ಓದಿದರೆ 18. ಭಾಗಿಸಿದರೆ ಆರೂಮುಕ್ಕಾಲು ವರ್ಷದ ಹತ್ತಿರ. ಹಳೆಯ ಓದಿನಿಂದ 40 ಕ್ರೆಡಿಟ್ ಜಮೆಯಾದರೆ ನಾಲ್ಕೂವರೆ. ಒಂದೊಂದೇ ವಿಷಯ ತೆಗೆದುಕೊಂಡರೆ ಇದು ಇಮ್ಮಡಿ. ಇದಕ್ಕೆ ಮೇಲೆ ಒಂದು ವರ್ಷ ಸೇರಿಸಿ. ಮನೆಯಲ್ಲಿ ಕಾಯಿಲೆ, ಕಂಪನಿಯಲ್ಲಿ ಹೊಸ ಲೈನ್, ಒಂದು ವಿಷಯದಲ್ಲಿ ಫೇಲ್, ಇವುಗಳಲ್ಲಿ ಒಂದಾದರೂ ಬಂದೇ ಬರುತ್ತದೆ.

ಕೋರ್ಸನ್ನು ಇಂತಿಷ್ಟು ವರ್ಷದೊಳಗೆ ಮುಗಿಸಬೇಕೆಂಬ ಮಿತಿಯೂ ಅನೇಕ ಕಡೆ ಇರುತ್ತದೆ, ಹಳೆಯ ಕ್ರೆಡಿಟ್‌ಗಳಿಗೆ ಅವಧಿ ತೀರುವುದೂ ಉಂಟು. ನಿಧಾನವಾಗಿ ಹೋಗುವವರು ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಓದುವುದಕ್ಕೆ ಹೊತ್ತೆಲ್ಲಿದೆ?

ವಾರಕ್ಕೆ 168 ಗಂಟೆ. ಕೆಲಸ 48, ನಿದ್ದೆ 49, ಓಡಾಟ 10. ಉಳಿದದ್ದು 61. ಊಟ, ಸ್ನಾನ, ಮಕ್ಕಳು, ಬಟ್ಟೆ, ಬಿಲ್ಲು ಎಲ್ಲ ಇದರಲ್ಲೇ. ಪ್ರತಿ ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಸ್ವಂತ ಓದು ಎಂಬುದು ವಾಡಿಕೆಯ ಲೆಕ್ಕ. ಎರಡು ವಿಷಯಕ್ಕೆ 18 ಗಂಟೆಯಾಯಿತು. 61ರಲ್ಲಿ 18 ತೆಗೆದರೆ ಏನು ಉಳಿಯುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿ, ಆಮೇಲೆ ಅರ್ಜಿ ತುಂಬಿ. ಓಟಿ (ಓವರ್‌ಟೈಮ್) ಮಾಡುತ್ತಿದ್ದರೆ ಅದೂ ಇಲ್ಲೇ ಕಳೆಯಬೇಕು. ಓಟಿಯ ದುಡ್ಡೇ ಮನೆಖರ್ಚಿಗೆ ಆಧಾರವಾಗಿದ್ದರೆ ಪದವಿಯ ನಿಜವಾದ ವೆಚ್ಚದಲ್ಲಿ ಫೀಸಿನ ಜೊತೆ ಅದನ್ನೂ ಸೇರಿಸಿಕೊಳ್ಳಿ.

ಭಾನುವಾರ ಒಂದೇ ದಿನ ಕೂತು ಎಲ್ಲ ಮುಗಿಸುತ್ತೇನೆ ಎನ್ನುವವರು ಬಹಳ. ನಾನೂ ಹೇಳಿದ್ದೆ. ಮಂಗಳವಾರಕ್ಕೆ ಅರ್ಧ ಮರೆತಿರುತ್ತಿತ್ತು. ಒಂದೇ ಪಟ್ಟಿಗೆ ಕೂತು ಓದಿದ್ದಕ್ಕಿಂತ ಬಿಡುಬಿಟ್ಟು ಮರಳಿ ಓದಿದ್ದು ಹೆಚ್ಚು ನಿಲ್ಲುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾನೆ. ದಿನಕ್ಕೆ ಐವತ್ತು ನಿಮಿಷ, ವಾರಕ್ಕೆ ಐದು ದಿನ, ರಜೆಯ ದಿನ ಉದ್ದದ ಕೆಲಸ. ನನಗೆ ಒಗ್ಗಿದ್ದು ಇದು. ಶಿಫ್ಟ್ ಶುರುವಾಗುವ ಮುಂಚೆ ಒಂದು ಗಂಟೆ ಬೇಗ ಹೋಗಿ ಟ್ರೈನಿಂಗ್ ರೂಮಿನಲ್ಲಿ ಕೂರುತ್ತಿದ್ದೆ. ಮನೆಗೆ ಹೋದ ಮೇಲೆ ಓದುತ್ತೇನೆ ಎಂದುಕೊಂಡ ದಿನ ಓದಿದ್ದೇ ಇಲ್ಲ.

ಶಿಫ್ಟ್ ವಾರವಾರ ಬದಲಾಗುತ್ತದೆ. ಆಗುತ್ತದೆಯೇ?

ಆಗುತ್ತದೆ, ಆದರೆ ಕೋರ್ಸ್ ಆರಿಸುವಾಗಲೇ ನೋಡಬೇಕು. ಇಂಥ ದಿನ ಇಂಥ ಗಂಟೆಗೆ ಲೈವ್ ತರಗತಿ, ಅಟೆಂಡೆನ್ಸ್ ಕಡ್ಡಾಯ ಎಂದಿದ್ದರೆ ಮೂರು ವಾರಕ್ಕೊಮ್ಮೆ ತಪ್ಪುತ್ತದೆ. ರೆಕಾರ್ಡಿಂಗ್ ನೋಡಿ ವಾರದೊಳಗೆ ಕೆಲಸ ಒಪ್ಪಿಸುವಂಥದ್ದು ನಿಮಗೆ. ಪರೀಕ್ಷೆಗೆ ಒಂದೇ ಸ್ಲಾಟ್ ಇದೆಯೋ ಎರಡು ಮೂರು ದಿನದ ಅವಕಾಶ ಇದೆಯೋ ಎಂದೂ ಕೇಳಿ.

ನೈಟ್ ಶಿಫ್ಟ್ ಮುಗಿಸಿ ಬಂದು ನೇರ ಪುಸ್ತಕ ಹಿಡಿಯಬೇಡಿ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ಅಳೆದು ತೋರಿಸಿದ್ದಾರೆ. ಓದು ತಲೆಗೆ ಹೋಗದಿದ್ದರೆ ಮಾರ್ಕ್ಸ್ ಹೋಗಬಹುದು ಅಷ್ಟೇ. ಅದೇ ನಿದ್ದೆಗಣ್ಣಲ್ಲಿ ಮರುದಿನ ಪ್ರೆಸ್ ಮುಂದೆ ನಿಂತರೆ ಬೆರಳು ಹೋಗುತ್ತದೆ. ನೈಟ್ ಶಿಫ್ಟ್ ವಾರದಲ್ಲಿ ನಾನು ಓದುತ್ತಿದ್ದದ್ದು ಕಡಿಮೆ, ಡ್ರಾಯಿಂಗ್ ತಿದ್ದುವುದು, ರಿಪೋರ್ಟ್ ಟೈಪ್ ಮಾಡುವುದು ಇಂಥವನ್ನೇ ಆ ವಾರಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಗಣಿತ ಪೂರ್ತಿ ಮರೆತುಹೋಗಿದೆ. ಏನು ಮಾಡಲಿ?

ಅರ್ಧದಲ್ಲಿ ಬಿಟ್ಟವರಲ್ಲಿ ನನಗೆ ಪರಿಚಯವಿದ್ದ ಮುಕ್ಕಾಲುಪಾಲು ಜನ ಬಿಟ್ಟದ್ದು ಇಲ್ಲೇ. ಬುದ್ಧಿ ಇಲ್ಲದೆ ಅಲ್ಲ. ಹದಿನೈದು ವರ್ಷ ಮುಟ್ಟದೆ ಇದ್ದದ್ದನ್ನು ನೇರ ಕ್ಯಾಲ್ಕುಲಸ್‌ನಿಂದ ಶುರು ಮಾಡಿದ್ದರಿಂದ.

ಸೇರುವ ಮೊದಲು ನಾಲ್ಕು ತಿಂಗಳು ಇದಕ್ಕೇ ಕೊಡಿ. ಭಿನ್ನರಾಶಿ, ಅನುಪಾತ, ಸೂತ್ರದಲ್ಲಿ ಒಂದು ಪದವನ್ನು ಈ ಕಡೆಯಿಂದ ಆ ಕಡೆಗೆ ಸರಿಸುವುದು, ತ್ರಿಕೋನಮಿತಿ, ಲಾಗ್. ಈ ಅನುಕ್ರಮದಲ್ಲೇ ಹೋಗಿ, ಮೇಲಿನದಕ್ಕೆ ಹಾರಬೇಡಿ.

ನಿಮಗೆ ಗೊತ್ತಿಲ್ಲದೆಯೇ ಇದರಲ್ಲಿ ಅರ್ಧ ಬರುತ್ತದೆ. 100 ಮಿಲಿಮೀಟರ್ ಸೈನ್ ಬಾರಿನ ಒಂದು ತುದಿಯ ಕೆಳಗೆ 50 ಮಿಲಿಮೀಟರ್ ಸ್ಲಿಪ್ ಗೇಜ್ (ನಿಖರ ದಪ್ಪದ ಅಳತೆಯ ತುಂಡು) ಇಟ್ಟು 30 ಡಿಗ್ರಿ ಕೋನ ಕೂರಿಸಿದವರು ತ್ರಿಕೋನಮಿತಿ ಮಾಡಿದ್ದಾರೆ. ಫ್ಲಾಂಜಿನಲ್ಲಿ ವೃತ್ತದ ಮೇಲೆ ಆರು ತೂತಿನ ಸ್ಥಾನ ಲೆಕ್ಕ ಹಾಕಿದವರೂ ಅಷ್ಟೇ.

ಲಾಗ್ ಯಾಕೆ ಬೇಕು ಎಂದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಗೊತ್ತಾದದ್ದು ಟೂಲ್ ಬಾಳಿಕೆಯ ಪಾಠದಲ್ಲಿ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1907ರಲ್ಲಿ ಪ್ರಕಟಿಸಿದ ಸಮೀಕರಣದಲ್ಲಿ ಕಟಿಂಗ್ ವೇಗ ಒಂದು ಕಡೆ, ಟೂಲ್ ಬಾಳಿಕೆಯ ಒಂದು ಘಾತ ಇನ್ನೊಂದು ಕಡೆ, ಎರಡನ್ನೂ ಗುಣಿಸಿದರೆ ಯಾವಾಗಲೂ ಒಂದೇ ಸಂಖ್ಯೆ. ಕಾರ್ಬೈಡ್ ಟೂಲ್‌ಗೆ ಆ ಘಾತ 0.25ರ ಆಸುಪಾಸು. ಹಾಗೆಂದರೆ ವೇಗ ಶೇಕಡಾ 20 ಏರಿಸಿದರೆ ಇನ್ಸರ್ಟ್ (ಟೂಲಿಗೆ ಕೂರಿಸುವ, ಸವೆದರೆ ಬದಲಿಸುವ ಕಟಿಂಗ್ ತುದಿ) ಬಾಳಿಕೆ ಅರ್ಧಕ್ಕೆ ಬೀಳುತ್ತದೆ. ಎರಡು ಪಟ್ಟು ಮಾಡಿದರೆ ಹದಿನಾರರಲ್ಲಿ ಒಂದು ಪಾಲು. ನಮ್ಮ ಶಾಪ್‌ನಲ್ಲಿ ಟಾರ್ಗೆಟ್ ಮುಟ್ಟಲು ವೇಗ ಏರಿಸುವ ಓವರ್‌ರೈಡ್ ಗುಂಡಿ ಶೇಕಡಾ 120ಕ್ಕೆ ತಿರುಗಿಸಿ, ಆಮೇಲೆ ಇನ್ಸರ್ಟ್ ಕಂಪನಿಯವರನ್ನು ಬೈಯುತ್ತಿದ್ದೆವು. ಮೂರು ನಾಲ್ಕು ವೇಗದಲ್ಲಿ ಬಾಳಿಕೆ ಬರೆದುಕೊಂಡು ಎರಡರ ಲಾಗ್ ತೆಗೆದು ಗ್ರಾಫ್ ಹಾಕಿದರೆ ಬಿಂದುಗಳು ನೇರ ಗೆರೆಯಲ್ಲಿ ಕೂರುತ್ತವೆ, ಅದರ ಇಳಿಜಾರೇ ನಿಮ್ಮ ಮೆಟೀರಿಯಲ್‌ನ ಘಾತ. ಅಂದಿನಿಂದ ಲಾಗ್ ಮರೆತಿಲ್ಲ.

ಆನ್‌ಲೈನ್ ಆದರೆ ಲ್ಯಾಬ್ ಹೇಗೆ?

ಕ್ಯಾಡ್, ಕ್ಯಾಮ್, ಸಿಮ್ಯುಲೇಷನ್, ಪಿಎಲ್‌ಸಿ ಲ್ಯಾಡರ್ (ಮೆಷಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನ ಪ್ರೋಗ್ರಾಂ) ಬರೆಯುವುದು ಇವೆಲ್ಲ ಕಂಪ್ಯೂಟರ್‌ನಲ್ಲಿ ನಡೆಯುತ್ತವೆ. ವೆಲ್ಡಿಂಗ್, ಮೆಟೀರಿಯಲ್ ಟೆಸ್ಟಿಂಗ್, ರೋಬೋಟ್ ಇವಕ್ಕೆ ಕ್ಯಾಂಪಸ್ಸಿಗೆ ಹೋಗಬೇಕಾಗಬಹುದು. ಕೆಲವರು ವಾರಾಂತ್ಯದಲ್ಲಿ, ಕೆಲವರು ವರ್ಷಕ್ಕೊಂದು ವಾರ ಒಟ್ಟಿಗೆ ಮಾಡಿಸುತ್ತಾರೆ. ರಜೆ ಎಷ್ಟು ಬೇಕಾಗುತ್ತದೆ ಎಂದು ಮೊದಲೇ ಲಿಖಿತದಲ್ಲಿ ಪಡೆಯಿರಿ.

ಸಾಫ್ಟ್‌ವೇರ್ ಭಾರವಾಗಿರುತ್ತದೆ. ಮನೆಯ ಹಳೆಯ ಲ್ಯಾಪ್‌ಟಾಪ್ ತೆರೆದು ಕೂತರೆ ಫ್ಯಾನ್ ಸದ್ದು ಮಾತ್ರ ಬರುತ್ತದೆ. ಕಂಪನಿಯ ಲೈಸೆನ್ಸ್ ಇರುವ ಸಾಫ್ಟ್‌ವೇರ್‌ನಲ್ಲಿ ಕಾಲೇಜಿನ ಕೆಲಸ ಮಾಡಬೇಡಿ. ವಿದ್ಯಾರ್ಥಿಗಳ ಆವೃತ್ತಿಗಳು ಸಿಗುತ್ತವೆ.

ಹಳೆಯ ಡಿಪ್ಲೊಮಾ, ಅಪ್ರೆಂಟಿಸ್‌ಶಿಪ್, ಅನುಭವಕ್ಕೆ ಕ್ರೆಡಿಟ್ ಸಿಗುತ್ತದೆಯೇ?

ಡಿಪ್ಲೊಮಾಕ್ಕೆ ಬಹುತೇಕ ಸಿಗುತ್ತದೆ. ಅನುಭವಕ್ಕೆ ಕೆಲವು ಕಡೆ ಮಾತ್ರ, ಅದೂ ಕೇಳಿದರೆ. ಪರೀಕ್ಷೆ ಬರೆದು ವಿಷಯ ದಾಟುವುದು ಒಂದು ದಾರಿ, ಕೆಲಸದ ಪೋರ್ಟ್‌ಫೋಲಿಯೋ ಒಪ್ಪಿಸುವುದು ಇನ್ನೊಂದು. ಪೋರ್ಟ್‌ಫೋಲಿಯೋದಲ್ಲಿ «ಹತ್ತು ವರ್ಷ ಸೆಟ್ಟರ್ ಆಗಿದ್ದೆ» ಎಂದು ಬರೆದರೆ ನಯಾಪೈಸೆ ಬೆಲೆ ಇಲ್ಲ. ಆ ವಿಷಯದ ಪಠ್ಯಕ್ರಮ ಎದುರಿಗಿಟ್ಟುಕೊಂಡು ಒಂದೊಂದು ಅಂಶಕ್ಕೂ ನೀವು ಮಾಡಿದ ಫಿಕ್ಸ್ಚರ್, ಬರೆದ ಪ್ರೋಗ್ರಾಂ, ತುಂಬಿದ ಇನ್‌ಸ್ಪೆಕ್ಷನ್ ರಿಪೋರ್ಟ್ ಜೋಡಿಸಬೇಕು. ಗ್ರಾಹಕರ ಹೆಸರು, ಪಾರ್ಟ್ ನಂಬರ್ ಅಳಿಸಿ, ಮೇಲಿನವರ ಅನುಮತಿ ಪಡೆದೇ ಕೊಡಿ.

ಒಂದು ಎಚ್ಚರಿಕೆ. ಸಿಗುತ್ತದೆ ಎಂದು ಎಲ್ಲ ವಿಷಯಕ್ಕೂ ವಿನಾಯಿತಿ ತೆಗೆದುಕೊಳ್ಳಬೇಡಿ. ಡ್ರಾಯಿಂಗ್ ನನಗೆ ಬರುತ್ತದೆ ಎಂದು ಆ ವಿಷಯ ದಾಟಿದೆ. ಜಿಡಿ ಅಂಡ್ ಟಿಯಲ್ಲಿ (ಡ್ರಾಯಿಂಗ್‌ನಲ್ಲಿ ಆಕಾರ, ಸ್ಥಾನದ ಮಿತಿ ಬರೆಯುವ ಪದ್ಧತಿ) ಡೇಟಮ್, ಅಂದರೆ ಅಳತೆಗೆ ಆಧಾರವಾಗುವ ಮೇಲ್ಮೈ, ಆರಿಸುವ ಕ್ರಮ ಬದಲಾದರೆ ಅದೇ ಪೀಸ್ ಪಾಸೂ ಆಗಬಹುದು, ಫೇಲೂ ಆಗಬಹುದು ಎಂಬುದು ಮೂರು ವರ್ಷದ ನಂತರ ಬೇರೆ ಪಾಠದಲ್ಲಿ ಎಡವಿದಾಗ ತಿಳಿಯಿತು.

ಕಂಪನಿ ಫೀಸು ಕೊಡುತ್ತದಂತೆ. ಒಪ್ಪಿಕೊಳ್ಳಲೇ?

ಒಪ್ಪಿಕೊಳ್ಳಿ, ಕಾಗದ ಓದಿ. ಫೀಸು ಮೊದಲೇ ಕಟ್ಟುತ್ತಾರೋ, ಪಾಸಾದ ಮೇಲೆ ಮರಳಿಸುತ್ತಾರೋ? ಇಂತಿಷ್ಟು ಗ್ರೇಡ್ ಬಂದರೆ ಮಾತ್ರವೇ? ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ಇರಬೇಕು? ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕೋ, ಕಳೆದ ತಿಂಗಳಿಗೆ ತಕ್ಕಂತೆ ಕಡಿಮೆಯಾಗುತ್ತದೋ? ಕಂಪನಿಯೇ ನಿಮ್ಮನ್ನು ತೆಗೆದರೆ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಜೊತೆಗಿದ್ದ ಒಬ್ಬರು ಕೇಳಿರಲಿಲ್ಲ, ಲೈನ್ ಮುಚ್ಚಿದಾಗ ಕೊನೆಯ ಸಂಬಳದಲ್ಲಿ ಎರಡು ಟರ್ಮ್ ಫೀಸು ಹಿಡಿದುಕೊಂಡರು.

ಮ್ಯಾನೇಜರ್‌ಗೆ ಹೇಳಬೇಕೇ?

ಹೇಳಿ. ಪರೀಕ್ಷೆಯ ವಾರ ಹುಷಾರಿಲ್ಲವೆಂದು ರಜೆ ಹಾಕುವ ನಾಟಕ ಆರು ವರ್ಷ ನಡೆಯುವುದಿಲ್ಲ. ಆದರೆ ಓದುತ್ತೇನೆ ಎಂದಷ್ಟೇ ಹೇಳಿ ಬರಬೇಡಿ. ಟರ್ಮ್‌ನ ಪರೀಕ್ಷಾ ದಿನಗಳ ಪಟ್ಟಿಯನ್ನೂ, ಆ ದಿನಗಳಲ್ಲಿ ಶಿಫ್ಟ್ ಬದಲಿಸಿಕೊಳ್ಳಲು ಒಪ್ಪಿದವರ ಹೆಸರನ್ನೂ ಹಿಡಿದುಕೊಂಡು ಹೋಗಿ.

ಕೆಲಸದ ಸಮಸ್ಯೆಯನ್ನೇ ಪ್ರಾಜೆಕ್ಟ್ ಮಾಡಬಹುದೇ?

ಮಾಡಲೇಬೇಕು. ಹಗಲು ಕಾಲೇಜಿಗೆ ಹೋಗುವ ಹುಡುಗರಿಗೆ ಇಲ್ಲದ, ನಿಮಗೆ ಮಾತ್ರ ಇರುವ ಆಸ್ತಿ ಇದು. ಅವರು ಅಂಕಿಗಳನ್ನು ಊಹಿಸಿಕೊಳ್ಳುತ್ತಾರೆ. ನಿಮ್ಮ ಬಳಿ ನಿಜವಾದವು ರಾಶಿ ಬಿದ್ದಿರುತ್ತವೆ.

ನನ್ನದು ಸೆಟಪ್ ಸಮಯ. ಒಂದು ಪಾರ್ಟ್‌ನಿಂದ ಇನ್ನೊಂದಕ್ಕೆ ಬದಲಿಸಲು 70 ನಿಮಿಷ ಹಿಡಿಯುತ್ತಿತ್ತು. ಕೆಲಸದವರ ಒಪ್ಪಿಗೆ ಪಡೆದು ಐದು ಸೆಟಪ್‌ಗಳನ್ನು ವಿಡಿಯೋ ಮಾಡಿ, ನಿಮಿಷ ನಿಮಿಷ ಬರೆದೆವು. 26 ನಿಮಿಷ ಹುಡುಕಾಟ, ಕಾಯುವಿಕೆ: ಕ್ಲ್ಯಾಂಪ್ ಎಲ್ಲಿ, ಸ್ಪ್ಯಾನರ್ ಯಾರು ಒಯ್ದರು, ಕ್ರೇನ್ ಯಾವಾಗ ಬರುತ್ತದೆ. ಸೆಟಪ್ ಸಮಯ ಇಳಿಸುವ ಬಗ್ಗೆ ಜಪಾನಿನ ಎಂಜಿನಿಯರ್ ಶಿಗಿಯೋ ಶಿಂಗೋ ಹೇಳಿದ್ದು ಸರಳ. ಮೆಷಿನ್ ನಿಲ್ಲಿಸಿಯೇ ಮಾಡಬೇಕಾದದ್ದು ಯಾವುದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಮೊದಲು ಬೇರ್ಪಡಿಸಿ. ಒಂದು ತಳ್ಳುಗಾಡಿ, ಅದರ ಮೇಲೆ ಪ್ರತಿ ಉಪಕರಣಕ್ಕೂ ಗುರುತಿನ ಜಾಗ, ಹಿಂದಿನ ಬ್ಯಾಚ್ ಓಡುವಾಗಲೇ ಟೂಲ್‌ಗಳ ಉದ್ದ ಅಳೆದಿಡುವುದು. 38 ನಿಮಿಷಕ್ಕೆ ಇಳಿಯಿತು. ದುಡ್ಡು ಖರ್ಚಾದದ್ದು ತಳ್ಳುಗಾಡಿಗೆ ಮಾತ್ರ.

ದೊಡ್ಡ ಸಮಸ್ಯೆ ಆರಿಸಬೇಡಿ. «ಇಡೀ ಫ್ಯಾಕ್ಟರಿಗೆ ಇಂಡಸ್ಟ್ರಿ 4.0» (ಮೆಷಿನ್‌ಗಳನ್ನೆಲ್ಲ ಸೆನ್ಸರ್, ನೆಟ್‌ವರ್ಕ್‌ನಿಂದ ಜೋಡಿಸುವುದು) ಎಂದು ಹೊರಟವರು ಒಂದೂ ಸೆನ್ಸರ್ ಕೂರಿಸದೆ ಟರ್ಮ್ ಕಳೆದದ್ದನ್ನು ನೋಡಿದ್ದೇನೆ. ಒಂದು ಮೆಷಿನ್, ಒಂದು ಅಳತೆ, ಮುಂಚೆ ಎಷ್ಟು, ಆಮೇಲೆ ಎಷ್ಟು. ಸುಧಾರಣೆ ಬರದಿದ್ದರೂ ಯಾಕೆ ಬರಲಿಲ್ಲ ಎಂದು ಅಂಕಿ ಸಮೇತ ಬರೆದರೆ ಗೈಡ್ ಒಪ್ಪುತ್ತಾರೆ.

ಅಸೈನ್‌ಮೆಂಟ್‌ಗೆ ಎಐ ಬಳಸಬಹುದೇ?

ಕಾಲೇಜಿನ ನಿಯಮ ನೋಡಿ. ಅರ್ಥವಾಗದ್ದನ್ನು ಬಿಡಿಸಿ ಹೇಳಿಸಿಕೊಳ್ಳಲು ನಾನು ಬಳಸುತ್ತೇನೆ. ಅದು ಕೊಟ್ಟ ಫೀಡ್, ಸ್ಪೀಡ್ ಅನ್ನು ಇನ್ಸರ್ಟ್ ಕಂಪನಿಯ ಕ್ಯಾಟಲಾಗ್‌ನಲ್ಲಿ ನೋಡದೆ ಮೆಷಿನ್‌ಗೆ ಹಾಕುವುದಿಲ್ಲ. ಕಂಪನಿಯ ಡ್ರಾಯಿಂಗನ್ನು ಅದಕ್ಕೆ ಕೊಡುವುದಂತೂ ಇಲ್ಲ.

ಒಂದು ವಿಷಯ ಫೇಲಾದರೆ?

ಮತ್ತೆ ಬರೆಯುವುದು. ನಾನು ಥರ್ಮೋಡೈನಮಿಕ್ಸ್ ಎರಡು ಸಲ ಬರೆದೆ. ಆದರೆ ಟರ್ಮ್ ಶುರುವಾಗಿ ಮೂರು ವಾರದಲ್ಲೇ ಮುಳುಗುತ್ತಿದ್ದೇನೆ ಅನ್ನಿಸಿದರೆ ಕೊನೆಯವರೆಗೆ ಕಾಯದೆ ಆ ವಿಷಯ ಕೈಬಿಡಿ. ಹಿಂತೆಗೆದುಕೊಳ್ಳಲು ಕೊನೆಯ ದಿನ ಎಂಬುದೊಂದು ಇರುತ್ತದೆ. ಅದರೊಳಗೆ ಬಿಟ್ಟರೆ ಗ್ರೇಡ್ ಉಳಿಯುತ್ತದೆ, ಕೆಲವು ಕಡೆ ಫೀಸಿನಲ್ಲಿ ಸ್ವಲ್ಪವಾದರೂ ಮರಳುತ್ತದೆ.

ವಯಸ್ಸು ನಲವತ್ತು ದಾಟಿತು. ತಡವಾಯಿತೇ?

ಐದು ವರ್ಷದ ನಂತರ ನಲವತ್ತೈದು ಹೇಗೂ ಆಗುತ್ತದೆ. ಕನ್ನಡಕದ ನಂಬರ್ ಸರಿಯಿದೆಯೇ ನೋಡಿಸಿಕೊಳ್ಳಿ, ಪರದೆಯ ಮುಂದೆ ಬಹಳ ಹೊತ್ತು ಕೂರಬೇಕಾಗುತ್ತದೆ.

ಪದವಿ ಬಂದ ಕೂಡಲೇ ಸಂಬಳ ಏರುತ್ತದೆಯೇ?

ನನಗೆ ಏರಲಿಲ್ಲ. ಸರ್ಟಿಫಿಕೇಟ್ ಬಂದ ತಿಂಗಳು ಅದರ ಪ್ರತಿಯನ್ನು ಎಚ್‌ಆರ್ ಫೈಲಿಗೆ ಹಾಕಿದರು, ಅಷ್ಟೇ. ಏಳು ತಿಂಗಳ ನಂತರ ಪ್ರೊಸೆಸ್ ಎಂಜಿನಿಯರ್ ಹುದ್ದೆ ಖಾಲಿಯಾಯಿತು. ಪದವಿ ಇಲ್ಲದವರ ಅರ್ಜಿ ಮೊದಲ ಸುತ್ತು ದಾಟುವುದಿಲ್ಲ ಎಂಬ ನಿಯಮ ಅದಕ್ಕಿತ್ತು. ಸಂದರ್ಶನದಲ್ಲಿ ಮಾತ್ರ ಪದವಿಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ತಳ್ಳುಗಾಡಿಯ ಬಗ್ಗೆ ನಲವತ್ತು ನಿಮಿಷ ಕೇಳಿದರು.

ಹಾಗಾಗಿ ಸೇರುವ ಮೊದಲೇ ನಿಮ್ಮ ಕಂಪನಿಯಲ್ಲಿ ಯಾವ ಯಾವ ಹುದ್ದೆಗೆ ಪದವಿ ಕಡ್ಡಾಯ, ಅದರಲ್ಲಿ ಈ ಪದವಿಯ ಹೆಸರು ನಡೆಯುತ್ತದೆಯೇ, ಅದೇ ದರ್ಜೆಯಲ್ಲಿದ್ದುಕೊಂಡು ಪದವಿ ಪಡೆದವರಿಗೆ ಏನಾದರೂ ಇನ್‌ಕ್ರಿಮೆಂಟ್ ಇದೆಯೇ ಎಂದು ಎಚ್‌ಆರ್‌ಗೆ ಇಮೇಲ್ ಬರೆದು ಕೇಳಿ. ಬಂದ ಉತ್ತರವನ್ನು ಸ್ವಂತ ಇಮೇಲ್‌ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ. ಆರು ವರ್ಷದಲ್ಲಿ ನಮ್ಮಲ್ಲಿ ಎಚ್‌ಆರ್‌ನವರು ಮೂರು ಸಲ ಬದಲಾದರು.